ಹಂದಿ ಕೊಟ್ಟಿಗೆಯ ಘಾಟು ದಾಣಿಯಲ್ಲೇ ಶುರು: ಕಲಬುರಗಿ, ಬೀದರ್, ಯಾದಗಿರಿ ಸಾಕಣೆದಾರರಿಗೆ ಯಾವ ದಾರಿ ಒಳ್ಳೆಯದು?

ಹಂದಿಗೆ ಹಾಕುವ ದಾಣಿಯ ಪ್ರೊಟೀನಿನಲ್ಲಿರುವ ಸಾರಜನಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಷ್ಟೇ ಮೈಗೆ ಹತ್ತುತ್ತದೆ. ಉಳಿದದ್ದೆಲ್ಲ ಹೊರಗೆ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಮೂತ್ರದಲ್ಲಿ ಯೂರಿಯಾ ಆಗಿ, ಚಿಕ್ಕ ಪಾಲು ಮಲದಲ್ಲಿ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಕಣ್ಣಿಗೆ ಹತ್ತುವ ಘಾಟು ಹುಟ್ಟುವುದು ಈ ಯೂರಿಯಾದಿಂದ. ದುಡ್ಡು ಕೊಟ್ಟು ತಂದ ಹಿಂಡಿಯೇ ಹೀಗೆ ಗಾಳಿಗೆ ಹೋಗುತ್ತಿದೆ. ಆದ್ದರಿಂದ ಘಾಟು ಇಳಿಸುವ ಕೆಲಸವನ್ನು ಫಿನಾಯಿಲ್ ಬಾಟಲಿಯಿಂದಲ್ಲ, ದಾಣಿ ಕಲಸುವ ಜಾಗದಿಂದ ಶುರು ಮಾಡಬೇಕು.

ಮೂತ್ರದಲ್ಲಿರುವ ಯೂರಿಯಾ ತಾನಾಗಿಯೇ ನಾರುವುದಿಲ್ಲ. ಮಲದಲ್ಲಿರುವ ಸೂಕ್ಷ್ಮಾಣುಗಳು ಯೂರಿಯೇಸ್ ಎಂಬ ಕಿಣ್ವವನ್ನು ಹೊಂದಿವೆ. ಮೂತ್ರ ಆ ಮಲಕ್ಕೆ ತಾಗಿದರೆ ಕೆಲವೇ ತಾಸುಗಳಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಹಾಗೆ ಹುಟ್ಟಿದ್ದು ಗೊಬ್ಬರದ ನೀರಿನಲ್ಲೇ ಕರಗಿ ಕೂರುತ್ತದೋ, ಗಾಳಿಗೆ ಏಳುತ್ತದೋ ಎಂಬುದನ್ನು ಮುಖ್ಯವಾಗಿ ಪಿಎಚ್ (ಹುಳಿ, ಕ್ಷಾರದ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಮತ್ತು ಬಿಸಿ ನಿರ್ಧರಿಸುತ್ತವೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಹಾರಿಹೋಗುವ ರೂಪದಲ್ಲಿರುವುದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಅದು ಶೇ. 5, ಪಿಎಚ್ 9ಕ್ಕೆ ಶೇ. 36. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42 ದಾಟುವ ನಮ್ಮ ಸೀಮೆಯಲ್ಲಿ ಇದು ಇನ್ನೂ ಮೇಲೇರುತ್ತದೆ. ಬಿಸಿಲಿಗೆ ಬೆಂದ ಹಂದಿ ತಂಪು ಹುಡುಕಿಕೊಂಡು ತನ್ನ ಉಚ್ಚೆಯಲ್ಲೇ ಹೊರಳಾಡಿ ಅದನ್ನು ಇಡೀ ಪರ್ಸಿಗೆ ಬಳಿಯುತ್ತದೆ, ಘಾಟು ಏಳುವ ಜಾಗ ದೊಡ್ಡದಾಗುತ್ತದೆ.

ಹಾಗಾಗಿ ದಾಣಿಯಿಂದ ಮಾಡಬಹುದಾದ ಕೆಲಸ ಮೂರೇ: ಯೂರಿಯಾ ಹುಟ್ಟುವುದನ್ನೇ ಕಡಿಮೆ ಮಾಡುವುದು, ಸಾರಜನಕವನ್ನು ಮೂತ್ರದ ಬದಲು ಮಲದ ಕಡೆಗೆ ತಿರುಗಿಸುವುದು, ಮೂತ್ರವನ್ನು ಹುಳಿ ಮಾಡುವುದು. ಅಂಗಡಿಯವರು ತೋರಿಸುವ ಯಾವ ಪುಡಿಯನ್ನಾದರೂ ಮೊದಲು ಈ ಮೂರರಲ್ಲಿ ಯಾವ ಕೆಲಸಕ್ಕೆ ಎಂದು ಕೇಳಿ.

ಮೊದಲ ದಾರಿ: ಪ್ರೊಟೀನ್ ಇಳಿಸಿ ಲೈಸಿನ್ ಹಾಕುವುದು

ಎಲ್ಲಕ್ಕಿಂತ ಬಲವಾದ ದಾರಿ ಇದು, ಬಹಳ ಜನ ಬಿಟ್ಟುಬಿಡುವ ದಾರಿಯೂ ಇದೇ. ಹಂದಿಗೆ ಬೇಕಾದದ್ದು ಬರೀ ಪ್ರೊಟೀನ್ ಅಲ್ಲ, ಅದರೊಳಗಿನ ಅಮೈನೋ ಆಮ್ಲಗಳು. ಧಾನ್ಯ ಹೆಚ್ಚಿರುವ ದಾಣಿಯಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್. ಲೈಸಿನ್ ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳು ಎಷ್ಟಿದ್ದರೂ ಮಾಂಸವಾಗುವುದಿಲ್ಲ, ಯಕೃತ್ತಿನಲ್ಲಿ ಒಡೆದು ಯೂರಿಯಾ ಆಗಿ ಮೂತ್ರಕ್ಕೆ ಇಳಿಯುತ್ತವೆ.

ಸೇಂಗಾ ಹಿಂಡಿ ಮತ್ತು ಸೋಯಾ ಹಿಂಡಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಪ್ರೊಟೀನ್ ಶೇ. 45ರ ಆಸುಪಾಸು. ಆದರೆ ಲೈಸಿನ್ ಸೋಯಾದಲ್ಲಿ ಸುಮಾರು ಶೇ. 2.8, ಸೇಂಗಾದಲ್ಲಿ ಶೇ. 1.5ರಷ್ಟು. ಚೀಲದ ಮೇಲಿನ ಅಂಕಿ ಒಂದೇ, ಹಂದಿಯ ಹೊಟ್ಟೆಯಲ್ಲಿ ಕೆಲಸ ಅರ್ಧ. ಸೂರ್ಯಕಾಂತಿ ಮತ್ತು ಕುಸುಬೆ ಹಿಂಡಿಯದ್ದೂ ಇದೇ ಕಥೆ, ಮೇಲೆ ನಾರೂ ಜಾಸ್ತಿ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಎಮ್ಮೆ ಅದನ್ನು ತಡೆದುಕೊಳ್ಳುತ್ತದೆ, ಹಂದಿಗೆ ಆಗುವುದಿಲ್ಲ. ಯಾದಗಿರಿ ಕಡೆ ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಹಂದಿ ದಾಣಿಗೆ ಬೆರೆಸಬೇಡಿ.

25ರಿಂದ 50 ಕೆಜಿ ತೂಕದ ಹಂದಿಗೆ 100 ಕೆಜಿ ದಾಣಿಯ ನಾಲ್ಕು ಮಿಶ್ರಣಗಳನ್ನು ಹೋಲಿಸೋಣ. ನಾಲ್ಕರಲ್ಲೂ ಗೋಧಿ ಬೂಸಾ 27.5 ಕೆಜಿ, ಖನಿಜ ಮಿಶ್ರಣ 2 ಕೆಜಿ, ಉಪ್ಪು ಅರ್ಧ ಕೆಜಿ. ಬದಲಾಗುವುದು ಉಳಿದ 70 ಕೆಜಿ.

ಅ) ಗೋವಿನಜೋಳ 50, ಸೇಂಗಾ ಹಿಂಡಿ 20. ಪ್ರೊಟೀನ್ ಸುಮಾರು ಶೇ. 17.3, ಲೈಸಿನ್ ಶೇ. 0.6ರ ಒಳಗೆ.
ಆ) ಗೋವಿನಜೋಳ 50, ಸೋಯಾ ಹಿಂಡಿ 20. ಪ್ರೊಟೀನ್ ಅಷ್ಟೇ, ಲೈಸಿನ್ ಶೇ. 0.85.
ಇ) ಗೋವಿನಜೋಳ 54.85, ಸೋಯಾ ಹಿಂಡಿ 15, ಲೈಸಿನ್ ಪುಡಿ 150 ಗ್ರಾಂ. ಪ್ರೊಟೀನ್ ಶೇ. 15.7, ಲೈಸಿನ್ ಶೇ. 0.84.
ಈ) ಗೋವಿನಜೋಳ 59.57, ಸೋಯಾ ಹಿಂಡಿ 10, ಲೈಸಿನ್ ಪುಡಿ 300 ಗ್ರಾಂ, ಥ್ರಿಯೋನಿನ್ 80 ಗ್ರಾಂ, ಮೆಥಿಯೋನಿನ್ 50 ಗ್ರಾಂ (ಇವೆರಡೂ ಅಮೈನೋ ಆಮ್ಲಗಳೇ). ಪ್ರೊಟೀನ್ ಶೇ. 14ರ ಹತ್ತಿರ, ಲೈಸಿನ್ ಶೇ. 0.83.

‘ಅ’ ಮಿಶ್ರಣ ನಮ್ಮ ಕಡೆ ಹೆಚ್ಚಾಗಿ ಕಾಣುವ ದಾಣಿ. ಘಾಟೂ ಅದರದ್ದೇ ಹೆಚ್ಚು, ಬೆಳವಣಿಗೆಯೂ ಅದರದ್ದೇ ಕಡಿಮೆ. ‘ಆ’ ಮಿಶ್ರಣ ಹಂದಿಯನ್ನು ಚೆನ್ನಾಗಿ ಬೆಳೆಸುತ್ತದೆ, ಘಾಟು ಮಾತ್ರ ಉಳಿಯುತ್ತದೆ. ಬಹುಪಾಲು ಸಾಕಣೆದಾರರಿಗೆ ನಮ್ಮ ಸಲಹೆ ‘ಇ’ ಮಿಶ್ರಣ. 5 ಕೆಜಿ ಸೋಯಾ ಹಿಂಡಿ ತೆಗೆದು ಅದರ ಜಾಗಕ್ಕೆ 4.85 ಕೆಜಿ ಗೋವಿನಜೋಳ, 150 ಗ್ರಾಂ ಲೈಸಿನ್ ಹಾಕುವುದಷ್ಟೇ ಕೆಲಸ, ಬೇರೆ ಅಮೈನೋ ಆಮ್ಲ ಬೇಕಾಗುವುದಿಲ್ಲ. ಖರ್ಚಿನ ಲೆಕ್ಕವೂ ಸುಲಭ: ಆ ವಾರದ 5 ಕೆಜಿ ಸೋಯಾ ಹಿಂಡಿಯ ದರವನ್ನು ಒಂದು ಕಡೆ, 4.85 ಕೆಜಿ ಗೋವಿನಜೋಳ ಮತ್ತು 150 ಗ್ರಾಂ ಲೈಸಿನ್ ದರವನ್ನು ಇನ್ನೊಂದು ಕಡೆ ಬರೆಯಿರಿ. ಸೋಯಾ ತುಟ್ಟಿಯಾದಾಗ ಘಾಟಿನ ಜೊತೆ ಖರ್ಚೂ ಇಳಿಯುತ್ತದೆ. ‘ಈ’ ಮಿಶ್ರಣ ಘಾಟನ್ನು ಇನ್ನೂ ಕೆಳಗೆ ಒಯ್ಯುತ್ತದೆ. ಆದರೆ ಅಲ್ಲಿ ಥ್ರಿಯೋನಿನ್ ಮರೆತರೆ ಬೆಳವಣಿಗೆ ನಿಂತು ಬೆನ್ನಿನ ಕೊಬ್ಬು ದಪ್ಪವಾಗುತ್ತದೆ. ಗ್ರಾಂ ತಕ್ಕಡಿ ಇಲ್ಲದವರು ‘ಈ’ ಮಿಶ್ರಣಕ್ಕೆ ಹೋಗಬೇಡಿ.

ಪ್ರೊಟೀನನ್ನು ಶೇ. 1 ಅಂಶ ಇಳಿಸಿದರೆ ಅಮೋನಿಯಾ ಸುಮಾರು ಶೇ. 8ರಿಂದ 10ರಷ್ಟು ಇಳಿಯುತ್ತದೆ. ಯಾಕೆಂದು ಒಂದು ಹಂದಿಯ ಲೆಕ್ಕದಲ್ಲಿ ನೋಡಿ. 50 ಕೆಜಿ ಹಂದಿ ದಿನಕ್ಕೆ 2 ಕೆಜಿ ದಾಣಿ ತಿಂದರೆ ಶೇ. 18 ಪ್ರೊಟೀನಿನಲ್ಲಿ 57.6 ಗ್ರಾಂ ಸಾರಜನಕ ಒಳಗೆ ಹೋಗುತ್ತದೆ. ಮೈಗೆ ಹತ್ತುವುದು 22 ಗ್ರಾಂ ಅಂದುಕೊಳ್ಳಿ, ಹೊರಗೆ ಬರುವುದು 35.6. ಶೇ. 16ಕ್ಕೆ ಇಳಿಸಿ ಲೈಸಿನ್ ಸರಿಮಾಡಿದರೆ ಮೈಗೆ ಹತ್ತುವುದು ಅಷ್ಟೇ, ಒಳಗೆ ಹೋಗುವುದು 51.2, ಹೊರಗೆ ಬರುವುದು 29.2. ಹೀಗೆ ಕಡಿಮೆಯಾದ 6.4 ಗ್ರಾಂ ಹೆಚ್ಚುಕಡಿಮೆ ಪೂರ್ತಿ ಮೂತ್ರದ ಪಾಲಿನದು. 50 ಹಂದಿಗೆ ತಿಂಗಳಿಗೆ 9.6 ಕೆಜಿ ಸಾರಜನಕ. 45 ಕೆಜಿಯ ಅರ್ಧ ಚೀಲ ಯೂರಿಯಾ ಗೊಬ್ಬರದಲ್ಲಿ ಇರುವುದು ಸುಮಾರು ಅಷ್ಟೇ.

ಬೇಸಿಗೆಯಲ್ಲಿ ಇದರಿಂದ ಇನ್ನೊಂದು ಲಾಭವಿದೆ. ಹೆಚ್ಚುವರಿ ಪ್ರೊಟೀನ್ ಒಡೆಯುವಾಗ ಹಂದಿಯ ಮೈಯಲ್ಲಿ ಬಿಸಿ ಹುಟ್ಟುತ್ತದೆ, ಆ ಯೂರಿಯಾ ಹೊರಹಾಕಲು ಹೆಚ್ಚು ನೀರೂ ಬೇಕು. ಪ್ರೊಟೀನ್ ಇಳಿದರೆ ಹಂದಿ ಕಡಿಮೆ ಏದುಸಿರು ಬಿಡುತ್ತದೆ, ಕಡಿಮೆ ಉಚ್ಚೆ ಹೊಯ್ಯುತ್ತದೆ, ಗುಂಡಿಯೂ ತಡವಾಗಿ ತುಂಬುತ್ತದೆ.

ಈ ದಾರಿ ಕೆಡುವುದು ಬಹುತೇಕ ಕಲಸುವಾಗ. 150 ಗ್ರಾಂ ಪುಡಿಯನ್ನು ನೇರ 100 ಕೆಜಿಯ ರಾಶಿಯ ಮೇಲೆ ಉದುರಿಸಿ ಸಲಿಕೆ ಆಡಿಸಿದರೆ ಒಂದು ಹಂದಿಗೆ ಎರಡರಷ್ಟು, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು 2 ಕೆಜಿ ನುಣ್ಣನೆಯ ಗೋವಿನಜೋಳದ ಹಿಟ್ಟಿನಲ್ಲಿ ಕೈಯಾಡಿಸಿ, ಅದನ್ನು 10 ಕೆಜಿ ಬೂಸಾದಲ್ಲಿ ಬೆರೆಸಿ, ಆಮೇಲೆ ರಾಶಿಗೆ ಹಾಕಿ ಮೂರು ಸಲ ಮಗುಚಿ. ಗೋವಿನಜೋಳದ ಬದಲು ಬಿಳಿಜೋಳ ಹಾಕುವವರು ಅದನ್ನು ಸಣ್ಣಗೆ ಬೀಸಿ. ಇಡೀ ಕಾಳು ಮಲದಲ್ಲಿ ಕಂಡರೆ ಜೋಳವೂ ಅದರ ಪ್ರೊಟೀನೂ ವ್ಯರ್ಥವೇ. ಮರಿ ಹಾಕಿ ಹಾಲು ಕೊಡುತ್ತಿರುವ ಹೆಣ್ಣುಹಂದಿಗೆ ಪ್ರೊಟೀನ್ ಇಳಿಸಬೇಡಿ.

ಹಿಂಡಿಯನ್ನು ನಂಬುವ ಮೊದಲು ಎರಡು ಬಾಟಲಿ

ಪ್ರಯೋಗಾಲಯದ ಸಾಮಾನ್ಯ ಪ್ರೊಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತಾರೆ. ಹಿಂಡಿಗೆ ಯೂರಿಯಾ ಗೊಬ್ಬರ ಬೆರೆಸಿದರೆ ಅಂಕಿ ಏರುತ್ತದೆ. ದನದ ಹೊಟ್ಟೆ ಅದನ್ನು ಸ್ವಲ್ಪವಾದರೂ ಬಳಸಿಕೊಳ್ಳುತ್ತದೆ, ಹಂದಿಗೆ ಅದರಿಂದ ಉಪಯೋಗವಿಲ್ಲ, ಹೆಚ್ಚೂಕಡಿಮೆ ನೇರ ಮೂತ್ರಕ್ಕೆ ಹೋಗುತ್ತದೆ.

ಇದನ್ನು ಮನೆಯಲ್ಲೇ ಹಿಡಿಯಬಹುದು. ಹಸಿ ಸೋಯಾಕಾಳಿನಲ್ಲಿ ಯೂರಿಯೇಸ್ ಧಾರಾಳವಾಗಿದೆ, ಕೊಟ್ಟಿಗೆಯಲ್ಲಿ ಘಾಟು ಎಬ್ಬಿಸುವ ಅದೇ ಜಾತಿಯ ಕಿಣ್ವ. ಎರಡು ಬಾಟಲಿಗೆ ಎರಡೆರಡು ಚಮಚ ಹಿಂಡಿ ಪುಡಿ ಹಾಕಿ ಉಗುರುಬೆಚ್ಚಗಿನ ನೀರು ಹುಯ್ಯಿರಿ. ಒಂದಕ್ಕೆ ಮಾತ್ರ ಹುರಿಯದ ಸೋಯಾಕಾಳಿನ ಹಿಟ್ಟು ಒಂದು ಚಮಚ ಸೇರಿಸಿ. ಮುಚ್ಚಳ ಬಿಗಿದು ಅರ್ಧ ಗಂಟೆ ಬೆಚ್ಚಗಿನ ಜಾಗದಲ್ಲಿಟ್ಟು ತೆಗೆಯಿರಿ. ಸೋಯಾ ಹಾಕಿದ ಬಾಟಲಿಯಲ್ಲಿ ಮೂಗಿಗೆ ಹೊಡೆಯುವ ಘಾಟು ಬಂದು, ಬಾಟಲಿಯ ಬಾಯಿಗೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ಕಾಗದ ನೀಲಿಯಾದರೆ ಹಿಂಡಿಯಲ್ಲಿ ಯೂರಿಯಾ ಇದೆ.

ಇದನ್ನೇ ತಿರುಗಿಸಿ ಸೋಯಾ ಹಿಂಡಿಯನ್ನೂ ಪರೀಕ್ಷಿಸಬಹುದು. ಹಿಂಡಿ, ನೀರು, ಚಿಟಿಕೆ ಯೂರಿಯಾ ಹಾಕಿ ಮುಚ್ಚಿಡಿ. ಘಾಟು ಜೋರಾಗಿ ಬಂದರೆ ಆ ಹಿಂಡಿಯನ್ನು ಸರಿಯಾಗಿ ಕಾಯಿಸಿಲ್ಲ, ಕಿಣ್ವ ಇನ್ನೂ ಜೀವಂತವಾಗಿದೆ. ಅಂಥದರಲ್ಲಿ ಪ್ರೊಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶವೂ ಉಳಿದಿರುತ್ತದೆ. ಬೀದರ್ ಭಾಗದಲ್ಲಿ ಸ್ವಂತ ಸೋಯಾ ಬೆಳೆಯುವವರು ಹಸಿ ಕಾಳನ್ನು ಹಂದಿಗೆ ಹಾಕಬಾರದೆಂಬುದಕ್ಕೂ ಕಾರಣ ಇದೇ. ಹುರಿದು ಹಾಕಿ, ಆದರೆ ಕಪ್ಪಾಗುವಷ್ಟು ಹುರಿದರೆ ಲೈಸಿನ್ನೇ ಸುಟ್ಟುಹೋಗುತ್ತದೆ.

ಎರಡನೆಯದು: ತೂಕ ನೋಡಿ ದಾಣಿ ಬದಲಿಸುವುದು

ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. 20 ಕೆಜಿಯಿಂದ 90 ಕೆಜಿವರೆಗೆ ಒಂದೇ ಶೇ. 18ರ ದಾಣಿ ಹಾಕುವವರು 50 ಕೆಜಿ ದಾಟಿದ ಮೇಲೆ ಪ್ರತಿದಿನ ಪ್ರೊಟೀನ್ ಸುರಿಯುತ್ತಿದ್ದಾರೆ. 50 ದಾಟಿದ ಮೇಲೆ ಶೇ. 15–16, 70 ದಾಟಿದ ಮೇಲೆ ಶೇ. 14 ಸಾಕು. ಗಬ್ಬದ ಹಂದಿಗೆ ಶೇ. 13ರ ಆಸುಪಾಸು. ಒಂದು ದಾಣಿಯಿಂದ ಇನ್ನೊಂದಕ್ಕೆ 5–7 ದಿನದಲ್ಲಿ ಮೆಲ್ಲಗೆ ಬದಲಿಸಿ. ತೊಡಕು ಒಂದೇ: ಎಲ್ಲ ತೂಕದ ಹಂದಿಗಳನ್ನು ಒಂದೇ ಖಾನೆಯಲ್ಲಿ ಬಿಟ್ಟವರಿಗೆ ಇದು ಆಗದು. ನಡುವೆ ಒಂದು ಗೋಡೆ ಕಟ್ಟುವ ಖರ್ಚು ಯಾವ ಪುಡಿಯ ಖರ್ಚಿಗಿಂತಲೂ ಬೇಗ ವಾಪಸ್ ಬರುತ್ತದೆ.

ಮೂರನೆಯದು: ನಾರು, ಅಂದರೆ ನಮ್ಮ ದಾಲ್ ಮಿಲ್ಲಿನ ಸರಕು

ದೊಡ್ಡ ಕರುಳಿನಲ್ಲಿ ಹುದುಗುವ ನಾರು ಸಿಕ್ಕರೆ ಅಲ್ಲಿನ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಬೆಳೆಯಲು ಅವಕ್ಕೆ ಸಾರಜನಕ ಬೇಕು, ರಕ್ತದಿಂದ ಕರುಳಿಗೆ ಬಂದ ಯೂರಿಯಾವನ್ನು ಅವು ಬಳಸಿಕೊಳ್ಳುತ್ತವೆ. ಮೂತ್ರಕ್ಕೆ ಹೋಗಬೇಕಾದ ಸಾರಜನಕ ಹೀಗೆ ಸೂಕ್ಷ್ಮಾಣುಗಳ ಮೈಯಾಗಿ ಮಲದಲ್ಲಿ ಬರುತ್ತದೆ, ನಿಧಾನಕ್ಕೆ ಒಡೆಯುತ್ತದೆ. ಹುದುಗುವಿಕೆಯಿಂದ ಹುಟ್ಟುವ ಆಮ್ಲಗಳು ಗೊಬ್ಬರದ ಪಿಎಚ್ ಅನ್ನೂ ಸ್ವಲ್ಪ ಇಳಿಸುತ್ತವೆ. ಒಟ್ಟು ಸಾರಜನಕ ಅಷ್ಟೇ ಇದ್ದರೂ ಹಾರಿಹೋಗುವುದು ಕಡಿಮೆಯಾಗಿ ಹೊಲಕ್ಕೆ ಹೋಗುವ ಗೊಬ್ಬರ ಗಟ್ಟಿಯಾಗುತ್ತದೆ. ಕಬ್ಬು, ತೊಗರಿ ಇರುವವರಿಗೆ ಇದು ಸಣ್ಣ ಲಾಭವಲ್ಲ.

ಎಲ್ಲ ನಾರೂ ಹುದುಗುವುದಿಲ್ಲ. ಸೋಯಾ ಸಿಪ್ಪೆ ಚೆನ್ನಾಗಿ ಹುದುಗುತ್ತದೆ, ಗೋಧಿ ಬೂಸಾ ಮಧ್ಯಮ. ಸೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಹಾಕಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಘಾಟು ಇಳಿಯದು. ಕಲಬುರಗಿಯ ಮಿಲ್ಲುಗಳಲ್ಲಿ ಸಿಗುವ ತೊಗರಿ ಚುನ್ನಿ ಮತ್ತು ತೊಗರಿ ಹೊಟ್ಟು ಬೇರೆ ಬೇರೆ. ಚುನ್ನಿಯಲ್ಲಿ ಬೇಳೆಯ ನುಚ್ಚು, ಮೊಳಕೆಯ ಪುಡಿ ಇರುತ್ತದೆ. ಹೊಟ್ಟು ಬರೀ ಸಿಪ್ಪೆ, ಅದರ ಒಗರು ಪ್ರೊಟೀನನ್ನು ಕಟ್ಟಿಹಾಕಿ ಜೀರ್ಣವಾಗದಂತೆ ಮಾಡುತ್ತದೆ. ಕೊಳ್ಳುವಾಗ ಒಂದು ಹಿಡಿಯನ್ನು ನೀರಿನ ಲೋಟಕ್ಕೆ ಹಾಕಿ: ಸಿಪ್ಪೆ ತೇಲುತ್ತದೆ, ನುಚ್ಚು ಮುಳುಗುತ್ತದೆ. ತಳಕ್ಕಿಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, ಮರಳೂ ಮುಳುಗುತ್ತದೆ. 50 ಕೆಜಿ ದಾಟಿದ ಹಂದಿಗೆ ಬೂಸಾದ ಪಾಲಿನಲ್ಲಿ 10 ಕೆಜಿ ಚುನ್ನಿಯಿಂದ ಶುರು ಮಾಡಿ. ಹಾಲು ಬಿಟ್ಟ ಮರಿಗಳಿಗೆ ಬೇಡ.

ನಾರಿನ ಬೆಲೆ ಶಕ್ತಿಯಲ್ಲಿ ತೆರಬೇಕು. ಒಂದು ಕೆಜಿ ತೂಕಕ್ಕೆ ಬೇಕಾಗುವ ದಾಣಿ ಹೆಚ್ಚುತ್ತದೆ, ಮಲದ ರಾಶಿ ದೊಡ್ಡದಾಗುತ್ತದೆ, ಹುದುಗುವಾಗ ಮೈಬಿಸಿಯೂ ಏರುತ್ತದೆ. ಆದ್ದರಿಂದ ಇದು ಮಳೆಗಾಲ, ಚಳಿಗಾಲದ ದಾರಿ. ಮಾರ್ಚ್ ಬಂದ ಮೇಲೆ ನಾರು ಇಳಿಸಿ.

ನಾಲ್ಕನೆಯದು: ಮೂತ್ರ ಹುಳಿ ಮಾಡುವುದು

ಬೆಂಜೋಯಿಕ್ ಆಮ್ಲವನ್ನು ದಾಣಿಗೆ ಶೇ. 0.5ರಿಂದ 1ರಷ್ಟು, ಅಂದರೆ 100 ಕೆಜಿಗೆ ಅರ್ಧದಿಂದ ಒಂದು ಕೆಜಿ ಹಾಕಿದರೆ ಅದು ಮೈಯಲ್ಲಿ ಹಿಪ್ಯೂರಿಕ್ ಆಮ್ಲವಾಗಿ ಮೂತ್ರಕ್ಕೆ ಇಳಿದು ಪಿಎಚ್ ಕೆಳಗೆ ತರುತ್ತದೆ. ಯುರೋಪಿನಲ್ಲಿ ಬೆಳೆಯುವ ಹಂದಿಗಳಿಗೆ ಇದಕ್ಕೆ ಅನುಮತಿಯಿದೆ. ಫಲ ನಿಜ, ಖರ್ಚೂ ನಿಜ: ಲೈಸಿನ್ ಗ್ರಾಂ ಲೆಕ್ಕದಲ್ಲಿ ಹೋದರೆ ಇದು ಕೆಜಿ ಲೆಕ್ಕದಲ್ಲಿ. ಪ್ರೊಟೀನ್ ಸರಿಮಾಡಿದ ಮೇಲೂ ನೆರೆಯವರ ತಕರಾರು ಉಳಿದವರಿಗೆ ಮಾತ್ರ ಸರಿ. ಅಂಗಡಿಯಲ್ಲಿ ಅಗ್ಗವೆಂದು ಸೋಡಿಯಂ ಬೆಂಜೋಯೇಟ್ ಕೊಟ್ಟರೆ ಬೇಡವೆನ್ನಿ, ಅದರ ಸೋಡಿಯಂ ಮೂತ್ರವನ್ನು ಹುಳಿಯಾಗಲು ಬಿಡುವುದಿಲ್ಲ. ಕಲಸುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಧೂಳು ಗಂಟಲು ಉರಿಸುತ್ತದೆ.

ಇನ್ನೊಂದು ಉಪಾಯ ದಾಣಿಯ ಸುಣ್ಣಕಲ್ಲಿನ ಪುಡಿಯ ಬದಲು ಜಿಪ್ಸಂ ಹಾಕುವುದು. ಪುಸ್ತಕದ ಲೆಕ್ಕದಲ್ಲಿ ಇದು ಪಿಎಚ್ ಇಳಿಸುತ್ತದೆ. ಆದರೂ ನಾವು ಬೇಡವೆನ್ನುತ್ತೇವೆ. ಜಿಪ್ಸಮ್ಮಿನ ಗಂಧಕ ಗೊಬ್ಬರದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಮುಚ್ಚಿದ ಗುಂಡಿ ಕಲಕುವಾಗ ಒಮ್ಮೆಲೇ ಏಳುವ ಆ ಅನಿಲ ಮನುಷ್ಯರ ಜೀವ ತೆಗೆಯುತ್ತದೆ. ಅಮೋನಿಯಾ ಕಣ್ಣು ಉರಿಸಿ ಎಚ್ಚರಿಸುತ್ತದೆ, ಇದು ಮೂಗನ್ನೇ ಮರಗಟ್ಟಿಸುತ್ತದೆ. ಮೇಲೆ ಗೊಬ್ಬರದಂಗಡಿಯ ಜಿಪ್ಸಂ ದಾಣಿಗೆಂದು ಮಾಡಿದ್ದಲ್ಲ.

ಹುಳಿ ಮಾಡುವವರು ಉಲ್ಟಾ ಕೆಲಸ ಮಾಡುವ ಎರಡು ಅಭ್ಯಾಸಗಳನ್ನೂ ಬಿಡಬೇಕು. ಬೇಸಿಗೆಯಲ್ಲಿ ದಾಣಿಗೆ ಅಡುಗೆ ಸೋಡಾ ಹಾಕಿದರೆ ಮೂತ್ರದ ಪಿಎಚ್ ಏರುತ್ತದೆ. ಇನ್ನು ವಾಸನೆ ಹೋಗಲೆಂದು ಒದ್ದೆ ಗೊಬ್ಬರದ ಮೇಲೆ ಸುಣ್ಣ ಎರಚುವುದು. ಶಹಾಬಾದ್, ಸೇಡಂ ಸೀಮೆಯಲ್ಲಿ ಸುಣ್ಣ ಕೈಗೆಟಕುವಂತಿದೆ, ಅದಕ್ಕೇ ಈ ತಪ್ಪು. ಸುಣ್ಣ ಬಿದ್ದ ಕೂಡಲೇ ಕರಗಿದ್ದ ಅಮೋನಿಯಾ ಒಮ್ಮೆಲೇ ಗಾಳಿಗೆ ಏಳುತ್ತದೆ. ಸೋಂಕು ತೊಲಗಿಸಲು ಸುಣ್ಣ ಬೇಕೇ ಬೇಕು, ಆದರೆ ಹಂದಿ ಹೊರಗೆ ಹಾಕಿ, ಗೊಬ್ಬರ ಎತ್ತಿ, ಪರ್ಸಿ ತೊಳೆದ ಮೇಲೆ.

ಘಾಟು ಇಳಿಸಲೆಂದು ಮಾರುವ ಯುಕ್ಕಾ (ಒಂದು ಮರುಭೂಮಿ ಗಿಡ) ಸಾರ, ಜಿಯೋಲೈಟ್ (ಅಮೋನಿಯಾ ಹೀರುವ ಒಂದು ಖನಿಜ) ಪುಡಿಗಳ ಫಲ ಒಂದು ಕಡೆ ಕಂಡರೆ ಇನ್ನೊಂದು ಕಡೆ ಕಾಣುವುದಿಲ್ಲ. ಮೇಲಿನದೆಲ್ಲ ಮಾಡಿ ಮುಗಿದ ಮೇಲೆ ಯೋಚಿಸಿ.

ಹೋಟೆಲ್ ಮುಸುರೆ ಹಾಕುವವರಿಗೆ

ಕಲಬುರಗಿ ನಗರದ ಅಂಚಿನಲ್ಲಿ ಸಾಕುವವರಿಗೆ ಮೇಲಿನ ಕೆಜಿ, ಗ್ರಾಂ ಲೆಕ್ಕ ನೇರ ಹೊಂದದು. ಅನ್ನ, ರೊಟ್ಟಿ, ಸಾರಿನ ಮುಸುರೆಯಲ್ಲಿ ಪ್ರೊಟೀನ್ ಜಾಸ್ತಿ ಇರುವುದಿಲ್ಲ. ಘಾಟು ಎಬ್ಬಿಸುವುದು ಅದರ ಜೊತೆ ಬರುವ ಕೋಳಿ ಅಂಗಡಿಯ ಕರುಳು, ಚರ್ಮ, ಪುಕ್ಕ. ಪುಕ್ಕವಂತೂ ಹಂದಿಗೆ ಜೀರ್ಣವಾಗುವುದೇ ಇಲ್ಲ. ಕೋಳಿ ವೇಸ್ಟನ್ನು ಒಂದು ದಿನ ರಾಶಿ ಹಾಕಿ ಮೂರು ದಿನ ಬಿಡುವ ಬದಲು ದಿನವೂ ಒಂದೇ ಅಳತೆಯಲ್ಲಿ, ಒಟ್ಟು ಮೇವಿನ ಹತ್ತರಲ್ಲಿ ಒಂದು ಪಾಲಿನೊಳಗೆ ಹಾಕಿ. ಒಂದೇ ಸಲ ಸುರಿದ ಪ್ರೊಟೀನನ್ನು ಮೈ ಕೂಡಿಡುವುದಿಲ್ಲ, ಒಡೆದು ಹೊರಹಾಕುತ್ತದೆ. ಸಾರಿನ ನೀರನ್ನು ಬಸಿದು ಬಿಡಿ. ಅದರ ಉಪ್ಪಿಗೆ ಹಂದಿ ಇನ್ನಷ್ಟು ನೀರು ಕುಡಿದು ಇಡೀ ನೆಲ ಒದ್ದೆ ಮಾಡುತ್ತದೆ. ಎಲ್ಲವನ್ನೂ 90 ಡಿಗ್ರಿಗಿಂತ ಕಡಿಮೆಯಾಗದಂತೆ ಒಂದು ಗಂಟೆ ಕೈಯಾಡಿಸುತ್ತಾ ಕುದಿಸಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಭಾರತಕ್ಕೆ ಕಾಲಿಟ್ಟಿದೆ, ಅದಕ್ಕೆ ಮದ್ದಿಲ್ಲ. ಹಸಿ ಮುಸುರೆ ಅದು ಬರುವ ಬಾಗಿಲು.

ಯಾರಿಗೆ ಯಾವುದು?

ಬೀದರ್ ಭಾಗದಲ್ಲಿ ಸೋಯಾ ಹತ್ತಿರವೇ ಇರುವವರಿಗೆ ‘ಇ’ ಮಿಶ್ರಣ ಮತ್ತು ತೂಕದ ದಾಣಿ ಎರಡೂ ಸೇರಿ ಸಾಕು. ಹಿಂಡಿಯನ್ನು ಪರೀಕ್ಷೆ ಮಾಡಿಸಬೇಕೆಂದರೆ ಪಶು ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲೇ ಇದೆ, ಅಲ್ಲಿಯ ಪಶು ಆಹಾರ ವಿಭಾಗದಲ್ಲಿ ವಿಚಾರಿಸಿ. ಕಲಬುರಗಿ ಕಡೆ ಸೇಂಗಾ ಹಿಂಡಿಯೇ ಕೈಗೆಟಕುವವರು ಅದರ ಅರ್ಧವನ್ನಾದರೂ ಸೋಯಾಕ್ಕೆ ಬದಲಿಸಿ ಲೈಸಿನ್ ಸೇರಿಸಿ. ಬೂಷ್ಟು ಹಿಡಿದ ಸೇಂಗಾ ಹಿಂಡಿಯನ್ನಂತೂ ಮುಟ್ಟಬೇಡಿ. ಯಾದಗಿರಿಯ ಶಹಾಪುರ, ಸುರಪುರದ ಕಾಲುವೆ ಸೀಮೆಯಲ್ಲಿ ಅಕ್ಕಿ ತೌಡು, ನುಚ್ಚು ಹೇರಳ. ಬೂಸಾದ ಜಾಗಕ್ಕೆ ತೌಡು, ಗೋವಿನಜೋಳದ ಅರ್ಧಕ್ಕೆ ನುಚ್ಚು ಹಾಕಬಹುದು. ಹಸಿ ತೌಡು ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ, ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ.

ದಾಣಿ ಬದಲಿಸಿ ಎರಡು ವಾರ ಆದ ಮೇಲೆ ನೋಡಿ. ಮೂಗನ್ನು ನಂಬಬೇಡಿ, ದಿನವೂ ಒಳಗಿರುವವರ ಮೂಗಿಗೆ ಘಾಟು ರೂಢಿಯಾಗಿರುತ್ತದೆ. ಬೆಳಿಗ್ಗೆ ಹಂದಿ ಎದ್ದು ಮೊದಲ ಸಲ ಉಚ್ಚೆ ಹೊಯ್ಯುವಾಗ ಉದ್ದ ಹಿಡಿಕೆಯ ಡಬ್ಬಿಯಲ್ಲಿ ನೆಲಕ್ಕೆ ತಾಗದಂತೆ ಹಿಡಿದು ಪಿಎಚ್ ಪಟ್ಟಿ ಅದ್ದಿ, ಮೂರ್ನಾಲ್ಕು ಹಂದಿಗಳದ್ದು ಬರೆದಿಡಿ. ಪ್ರೊಟೀನ್ ಇಳಿಸಿದ್ದರ ಗುರುತು ಪಟ್ಟಿಯಲ್ಲಿ ಹೆಚ್ಚು ಕಾಣದು, ಅದಕ್ಕೆ ನೀರಿನ ಲೆಕ್ಕ ನೋಡಿ: ದಿನಕ್ಕೆ ತೊಟ್ಟಿಗೆ ಎಷ್ಟು ಕೊಡ ಹಾಕುತ್ತಿದ್ದಿರಿ, ಈಗ ಎಷ್ಟು. ಅಮೋನಿಯಾ ಅಳೆಯುವ ಗಾಜಿನ ನಳಿಕೆ ಸಿಕ್ಕರೆ ಹಂದಿಯ ಮೂಗಿನ ಮಟ್ಟದಲ್ಲಿ, ನೆಲದಿಂದ ಒಂದಡಿ ಮೇಲೆ, ಬಾಗಿಲು ತೆಗೆಯುವ ಮೊದಲು ಹಿಡಿಯಿರಿ. 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಅಲ್ಲಿ ದಿನವಿಡೀ ದುಡಿಯುವವರ ಎದೆಗೂ ಒಳ್ಳೆಯದಲ್ಲ. ಜೊತೆಗೆ ಪ್ರತಿ ಹದಿನೈದು ದಿನಕ್ಕೆ ಐದು ಹಂದಿ ತೂಗಿ. ಘಾಟು ಇಳಿದು ತೂಕವೂ ಇಳಿದಿದ್ದರೆ ಲೈಸಿನ್ ಕಲಸುವಲ್ಲೇ ತಪ್ಪಿದೆ, ಅಲ್ಲಿಂದ ಹುಡುಕಿ.